ಗುಂಡಿಗೆ ಇರುವ ಕಡೆಯೇ ಎಡ

ದೇವದಾನಂ ಅವರನ್ನು ನಾನು ಮೊದಲು ನೋಡಿದ ದಿನ ನನ್ನ ಗಂಡನ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದೆ. ಫೋಟೋ ತೆಗೆಯುತ್ತಾರೆ, ಕರೆದುಕೊಂಡು ಬಾ ಎಂದು ಆಸ್ಪತ್ರೆಯ ಜವಾನ ಹೇಳಿದ್ದ. ನಮ್ಮ ಮದುವೆಯಲ್ಲಿಯೂ ಫೋಟೋ ತೆಗೆಸಿದವರಲ್ಲ ನಾವು. ಟ್ರಂಕಿನಿಂದ ಒಗೆದ ಅಂಗಿ ತೆಗೆದು ತೊಡಿಸಿದೆ, ಹಣೆಗೆ ನಾಮ ಎಳೆದೆ. ಕರಿಯ ಪರದೆ ಕಟ್ಟಿದ ಬಾಗಿಲ ಮುಂದೆ ಬೆಂಚಿನ ಮೇಲೆ ಕೂತೆವು. ಪರದೆ ಸರಿಸಿಕೊಂಡು ಒಬ್ಬ ಸಣಕಲು ಮನುಷ್ಯ ಹೊರಗೆ ಬಂದರು. ಅಡಿಕೆ ಸುಲಿದವರ ಹಾಗೆ ಬೆರಳ ತುದಿಗಳೆಲ್ಲ ಕಂದು ಬಣ್ಣ. ನನ್ನ ಗಂಡ ಮುನಿರತ್ನಂನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಮದುಮಗ ಚೆನ್ನಾಗವ್ನೆ ತಾಯಿ. ಆದ್ರೆ ನಂಗೆ ಮುಖ ಬ್ಯಾಡ, ಎದೆ ಬೇಕು. ಅಂಗಿ ಬಿಚ್ಚಿಸು” ಎಂದರು.

ಬೆಂಚಿನ ಮೇಲಿದ್ದ ಕೆಮ್ಮಿನವರೆಲ್ಲ ನಕ್ಕರು. ನಾನು ಸೆರಗು ಬಾಯಿಗೆ ಇಟ್ಟುಕೊಂಡೆ. ಮುನಿರತ್ನಂ ತಾನೂ ನಗಲು ಹೋಗಿ ಕೆಮ್ಮಿ, ಗೋಡೆ ಹಿಡಿದುಕೊಂಡ. ಆಗ ದೇವದಾನಂ ನಗು ನಿಲ್ಲಿಸಿ ಅವನ ಬೆನ್ನು ಸವರಿದರು. “ಕೆಮ್ಮು ಮುಗೀಲಿ. ಅವಸರ ಇಲ್ಲ. ನಾನೂ ಇದೇ ಬೆಂಚಲ್ಲಿ ಕೂತಿದ್ದೋನೇ” ಎಂದರು. ಒಳಗಿನಿಂದ ಅವರ ದನಿ ಕೇಳಿಸಿತು. “ಗದ್ದ ಮೇಲಕ್ಕಿಡು. ಉಸಿರು ಎಳಿ. ಬಿಗಿ ಹಿಡಿ. ಹಿಡ್ಕೊ, ಹಿಡ್ಕೊ... ಬಿಡು.”

ನಾವು ನಾರಾಯಣವನದ ನೇಕಾರರ ಬೀದಿಯವರು. ಮುನಿರತ್ನಂ ಕೆಮ್ಮಿದ ಉಗುಳಿನಲ್ಲಿ ರಕ್ತ ಕಂಡ ಮೇಲೆ ಬೀದಿಯವರು ಮಗ್ಗದ ಹತ್ತಿರ ಬರುವುದನ್ನು ಬಿಟ್ಟರು. ಗುಡ್ಡದ ಬುಡದಲ್ಲಿ ಕ್ಷಯದವರಿಗೆಂದೇ ಕಟ್ಟಿದ ಆಸ್ಪತ್ರೆಗೆ ಅವನನ್ನು ಕರೆತಂದೆ. ನನಗೆ ಅಡುಗೆ ಮನೆಯಲ್ಲಿ ಕೆಲಸ ಕೊಟ್ಟರು. ಇಂಗ್ಲಿಷರು ಹೋಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಕ್ಷಯಕ್ಕೆ ಹೊಸ ಸೂಜಿಮದ್ದು ಬಂದಿದೆಯಂತೆ ಎನ್ನುವ ಮಾತು ಬಂದಿತ್ತೇ ಹೊರತು ಮದ್ದು ನಮ್ಮ ಗುಡ್ಡ ಹತ್ತಿರಲಿಲ್ಲ. ಆಗ ಇದ್ದ ಚಿಕಿತ್ಸೆ ಎಂದರೆ ಹಾಲು, ಮೊಟ್ಟೆ, ತೆರೆದ ಜಗಲಿಯ ಗಾಳಿ. ಮತ್ತೆ ಇನ್ನೊಂದು ಗಾಳಿ. ಪಕ್ಕೆಲುಬುಗಳ ಸಂದಿಗೆ ಸೂಜಿ ಚುಚ್ಚಿ, ಪುಪ್ಪುಸಕ್ಕೂ ಎದೆಗೂಡಿಗೂ ನಡುವೆ ಗಾಳಿ ತುಂಬುತ್ತಿದ್ದರು. ಆ ಗಾಳಿ ಒತ್ತಿ ಕೆಟ್ಟ ಪುಪ್ಪುಸ ಮುದುಡಿಕೊಳ್ಳುತ್ತದೆ, ಮುದುಡಿದ್ದಕ್ಕೆ ವಿಶ್ರಾಂತಿ, ವಿಶ್ರಾಂತಿಯಲ್ಲಿ ಅದರ ಗುಳಿ ಮುಚ್ಚುತ್ತದೆ. ಅಷ್ಟು ದಿನ ಇನ್ನೊಂದು ಪುಪ್ಪುಸ ಮನುಷ್ಯನನ್ನು ಸಾಕಬೇಕು. ಹಾಗಾಗಿ ವಾರ್ಡಿನಲ್ಲಿ ಹೆಸರಿಗಿಂತ ಮೊದಲು ಕಡೆ ಕೇಳುತ್ತಿದ್ದರು. ಎಡದವನೋ, ಬಲದವನೋ?

ನಮ್ಮ ವಾರ್ಡಿನಲ್ಲಿ ಗಂಗಯ್ಯ ಎಂಬ ಬಸ್ ಡ್ರೈವರ್ ಇದ್ದ. ಎಲ್ಲರನ್ನೂ ಬಾವ ಎಂದೇ ಕರೆಯುವವನು. ಮುನಿರತ್ನಂ ಚಾಪೆ ಬಿಚ್ಚುವ ಮೊದಲೇ ಕೇಳಿದ. “ಯಾವ ಕಡೆ ಬಾವ ನಿಂದು?”

“ನಂಗೆ ಬಲಗಡೆ ನೋಯ್ತದೆ” ಎಂದ ಮುನಿರತ್ನಂ. “ಅದು ಮಗ್ಗದ ನೋವಿರಬೇಕು. ಲಾಳಿ ಎಳೆದೂ ಎಳೆದೂ ಹಿಡ್ಕೊಂಡದೆ.”

“ದೇವದಾನಂ ಬರೀಲಿ ತಡಿ. ನಿನ್ನ ಎದೆ ವಿಚಾರ ನಿನಗೇನು ಗೊತ್ತು!”

ದೇವದಾನಂ ಬರೆದದ್ದು ಎಡ ಎಂದು.

ಅವರು ಹೇಗೆ ಬರೆಯುತ್ತಿದ್ದರು ಎನ್ನುವುದನ್ನು ಇಲ್ಲಿಯೇ ಹೇಳಬೇಕು. ಕತ್ತಲ ಕೋಣೆಯಲ್ಲಿ ಫಿಲಂ ತೊಳೆದು, ಹಗ್ಗಕ್ಕೆ ನೇತುಹಾಕಿ ಒಣಗಿಸಿ, ಕಿಟಕಿಗೆ ಎತ್ತಿ ಹಿಡಿಯುತ್ತಿದ್ದರು. ಫಿಲಂಗೆ ಒಳಮೈ ಹೊರಮೈ ಎಂಬುದಿಲ್ಲ, ಹೇಗೆ ತಿರುಗಿಸಿದರೂ ಎದೆಯಂತೆಯೇ ಕಾಣುತ್ತದೆ. ಎಡಬಲ ತಿಳಿಯಲಿ ಎಂದು ಫೋಟೋ ತೆಗೆಯುವಾಗಲೇ ಪಕ್ಕದಲ್ಲಿ ಇಡಲು ಒಂದು ಸೀಸದ ಅಕ್ಷರ ಇತ್ತಂತೆ. ಅದು ಬಿದ್ದು ಮುರಿದು ಹೋಗಿತ್ತು. ಮದರಾಸಿನಿಂದ ಬೇರೆಯದು ಬರಬೇಕಿತ್ತು, ಬರಲಿಲ್ಲ. ಯಾರಿಗೂ ಅದರ ಕೊರತೆ ಕಾಣಲಿಲ್ಲ. ಬೆಳ್ಳಗಿನ ಪಕ್ಕೆಲುಬುಗಳ ನಡುವೆ ಗುಂಡಿಗೆ ಒಂದು ಕಡೆಗೆ ವಾಲಿಕೊಂಡು, ಮೂಟೆಯ ಹಾಗೆ ಕೂತಿರುತ್ತದೆ. ಅದು ತಮ್ಮ ಬಲಗೈಯ ಕಡೆ ಬರುವಂತೆ ಫಿಲಂ ತಿರುಗಿಸಿಕೊಂಡರೆ ಆಯಿತು, ಎದುರು ನಿಂತವನ ಎಡ ನಮ್ಮ ಬಲಕ್ಕಲ್ಲವೇ ಇರುವುದು. ಆಮೇಲೆ ಬಿಳಿ ಮಸಿಯಲ್ಲಿ ಮೂಲೆಗೆ ಹೆಸರು, ಎಡದ ಗುರುತು. “ಗುಂಡಿಗೆ ಇರೋ ಕಡೇನೇ ಎಡ. ದೇವರು ಹಾಕಿದ ಗುರುತು ಇರೋವಾಗ ಮದರಾಸಿನವರದ್ದು ಯಾಕೆ?” ಎನ್ನುತ್ತಿದ್ದರು. ಎಷ್ಟೋ ಜನರ ಎದೆಯನ್ನು ಹಾಗೆ ಬರೆದಿದ್ದರು. ಒಂದೂ ತಪ್ಪಿರಲಿಲ್ಲ.

ಮುನಿರತ್ನಂನ ಗುಂಡಿಗೆ ಹುಟ್ಟಿದಾಗಿನಿಂದ ಬಲಕ್ಕಿತ್ತು.

ಗುಂಡಿಗೆ ಮಾತ್ರವಲ್ಲ, ಒಳಗಿನದೆಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲು. ಹತ್ತು ಸಾವಿರದಲ್ಲಿ ಎಲ್ಲೋ ಒಬ್ಬರಿಗೆ ಹಾಗಿರುತ್ತದೆಯಂತೆ. ಅಂಥವನು ತನ್ನ ಪಾಡಿಗೆ ಉಂಡು ತಿಂದು ಬದುಕುತ್ತಾನೆ, ಯಾರಿಗೂ ತಿಳಿಯುವುದಿಲ್ಲ. ದೇವದಾನಂ ಎಂದಿನಂತೆ ಫಿಲಂ ತಿರುಗಿಸಿಕೊಂಡರು, ಬರೆದರು. ಬಲಗಡೆ ಕೊರಳೆಲುಬಿನ ಕೆಳಗಿದ್ದ ಗುಳಿ ಎಡಕ್ಕೆ ಬಂತು. ದೊಡ್ಡ ಡಾಕ್ಟರು ಶೇಷಾಚಲಂ ಫಿಲಂ ನೋಡಿ, ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಎಡಕ್ಕೆ ಗಾಳಿ ಎಂದರು. ಹಾಕಿದರು. ಅಂದರೆ ಅವನ ಒಳ್ಳೆಯ ಪುಪ್ಪುಸವನ್ನು ಮುದುಡಿಸಿದರು.

ಅವನಿಗೆ ಆ ಹೊತ್ತಿನಿಂದಲೇ ಉಸಿರು ಸಾಲದಾಯಿತು. ತುಟಿ ನೇರಳೆಯಾಯಿತು. ಡಾಕ್ಟರು ಅವನನ್ನು, ಫಿಲಂ ಇಲ್ಲದೆಯೇ ಎದೆಯ ಒಳಗನ್ನು ನೇರವಾಗಿ ತೋರಿಸುವ ತೆರೆಯ ಯಂತ್ರದ ಹಿಂದೆ ನಿಲ್ಲಿಸಿ ನೋಡಿದರು. ಮಬ್ಬು ಬೆಳಕಿನಲ್ಲಿ ಗುಂಡಿಗೆ ಬಲಕ್ಕೆ ಕಂಡಿತು. ಗಾಳಿ ಹೆಚ್ಚಾದರೆ ಗುಂಡಿಗೆಯನ್ನು ಆಚೆ ಕಡೆಗೆ ದೂಡುವುದು ಉಂಟು, ಅವರು ಅದನ್ನು ಎಷ್ಟೋ ಸಲ ಕಂಡಿದ್ದರು. “ಗಾಳಿ ಸ್ವಲ್ಪ ಜಾಸ್ತಿ ಆಯ್ತು, ಗುಂಡಿಗೆ ಜರುಗಿದೆ. ಆದ್ರೆ ಗುಳಿ ಮುಚ್ಚಿದೆ ನೋಡು, ಕಾಣ್ತಾನೇ ಇಲ್ಲ” ಎಂದು ನನಗೆ ಧೈರ್ಯ ಹೇಳಿದರು. ಇಲ್ಲದ ಕಡೆ ಹುಡುಕಿದರೆ ಗುಳಿ ಕಂಡೀತು ಹೇಗೆ? ಸ್ವಲ್ಪ ಗಾಳಿ ತೆಗೆದರು. ಮುನಿರತ್ನಂ ತುಸು ಚೇತರಿಸಿಕೊಂಡ. ಗುಂಡಿಗೆ ಎಷ್ಟು ಜರುಗಿದೆ ನೋಡೋಣ, ಒಂದು ಫಿಲಂ ತೆಗಿ ಎಂದು ಡಾಕ್ಟರು ದೇವದಾನಂಗೆ ಹೇಳಿದರು.

ಇನ್ನು ಮುಂದಿನದು ನನಗೆ ಆಮೇಲೆ ದೇವದಾನಂ ಬಾಯಿಂದಲೇ ತಿಳಿದದ್ದು. ಆದರೂ ಅದು ನಡೆದ ಜಾಗದಲ್ಲಿಯೇ ಬರೆಯುತ್ತೇನೆ.

ಫಿಲಂ ಒಣಗಿತು. ಸೂಜಿ ಚುಚ್ಚಿದ್ದು ಎಡಕ್ಕೆ, ಹಾಗಾಗಿ ಗಾಳಿ ಇರುವ ಕಡೆ ಎಡ. ಈ ಸಲ ತಿರುಗಿಸಲು ಗುಂಡಿಗೆ ಬೇಕಾಗಲಿಲ್ಲ. ಗುಂಡಿಗೆ ಬಲಕ್ಕೆ ಇತ್ತು, ಡಾಕ್ಟರು ಹೇಳಿದಂತೆಯೇ. ಮೂಲೆಗೆ ಬರೆಯಲು ಕುಂಚ ಅದ್ದಿಕೊಂಡವರು ಫಿಲಂನ ಕೆಳಗಡೆ ನೋಡಿದರು. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಪರದೆ ಇದೆ. ಅದರ ಕೆಳಗೆ ಎಡಕ್ಕೆ ಹೊಟ್ಟೆ, ಬಲಕ್ಕೆ ಪಿತ್ತಜನಕಾಂಗ. ಹೊಟ್ಟೆಯಲ್ಲಿ ಸದಾ ಒಂದಿಷ್ಟು ಗಾಳಿ ನಿಂತು ಗುಳ್ಳೆಯ ಹಾಗೆ ಕರ್ರಗೆ ಕಾಣುತ್ತದೆ. ಮುನಿರತ್ನಂನ ಗುಳ್ಳೆ ಬಲಕ್ಕಿತ್ತು. ಎದೆಗೆ ತುಂಬಿದ ಗಾಳಿ ಗುಂಡಿಗೆಯನ್ನು ದೂಡೀತು, ವಪೆಯ ಕೆಳಗಿನ ಹೊಟ್ಟೆಯನ್ನು ಆಚೆ ಕಡೆಗೆ ಹೊತ್ತುಹಾಕಲಾರದು. ಹಳೆಯ ಫಿಲಂ ತೆಗೆದು ಮಗುಚಿ ಹಿಡಿದರು. ಒಂದರ ಮೇಲೊಂದು ಕೂತಿತು. ಗುಳಿ ಬಲಕ್ಕೆ ಬಂತು. ತಾವೇ ಬರೆದ ಬಿಳಿಯ ಗುರುತು ಅವರ ಕಡೆಗೇ ಬೆನ್ನು ತಿರುಗಿಸಿ ನಿಂತಿತು.

ದೇವದಾನಂ ಆ ಹೊಸ ಫಿಲಂ ಅನ್ನು ಬಿಸಿನೀರಿಗೆ ಅದ್ದಿದರು. ನಮ್ಮ ಕಡೆಯ ಬೇಸಿಗೆಯಲ್ಲಿ ತೊಟ್ಟಿಯ ನೀರು ಕಾದು ಫಿಲಂನ ಮೈ ಕರಗುವುದು ಹೊಸತಲ್ಲ. “ನೀರು ಕಾದಿತ್ತು ಸಾರ್, ಹಾಳಾಯ್ತು” ಎಂದರು. “ಹೋಗ್ಲಿ, ಮುಂದಿನ ಗಾಳಿ ಆದ್ಮೇಲೆ ತೆಗಿ” ಎಂದರು ಡಾಕ್ಟರು.

ಅವರಿಗೆ ಅಂಥ ಭಯ ಏನಿತ್ತು ಎಂದು ಕೇಳುವವರಿಗೆ ಅವರ ಹಿಂದಿನದನ್ನು ಹೇಳಬೇಕು. ದೇವದಾನಂ ನೆಲ್ಲೂರಿನ ಒಂದು ಫೋಟೋ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಮದುವಣಗಿತ್ತಿಯರ ಮುಖದ ಸಿಡುಬಿನ ಕಲೆಗಳನ್ನು ನೆಗೆಟಿವ್ ಗಾಜಿನ ಮೇಲೆ ಸೀಸದ ಕಡ್ಡಿಯಿಂದ ಮುಚ್ಚುವುದು ಅವರ ಕೆಲಸ. ಗಾಜು ಮಗುಚಿ ಅಚ್ಚು ಹಾಕಿದರೆ ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ಹೋಗುತ್ತದೆ ಎಂದು ಬಲ್ಲವರು. ರಕ್ತ ಕೆಮ್ಮಿದ ದಿನ ಅಂಗಡಿಯವನು ಹೊರಹಾಕಿದ. ಗುಡ್ಡದ ಆಸ್ಪತ್ರೆಗೆ ಬಂದು, ಗಾಳಿ ಹಾಕಿಸಿಕೊಂಡು, ಗುಣವಾದರು. ಗುಣವಾದ ಮೇಲೆ ಊರಿಗೆ ಹೋದರೆ ಅತ್ತಿಗೆ ತೆಂಗಿನ ಚಿಪ್ಪಿನಲ್ಲಿ ನೀರು ಕೊಟ್ಟಳು. ಕುಡಿದು, ಚಿಪ್ಪನ್ನು ತಾವೇ ಬೇಲಿಗೆ ಎಸೆದು, ಗುಡ್ಡಕ್ಕೆ ಹಿಂತಿರುಗಿದರು. ಕತ್ತಲ ಕೋಣೆಯ ಕೆಲಸ ಗೊತ್ತಿದೆ ಎಂದು ಡಾಕ್ಟರು ಎಕ್ಸರೇಗೆ ಹಾಕಿಕೊಂಡರು. ಆಯಾ ಸುಗುಣ ಕೂಡ ಗುಣವಾಗಿ ಅಲ್ಲಿಯೇ ಉಳಿದವಳು. ಇಬ್ಬರೂ ಮದುವೆಯಾಗಿ ಬೇಲಿಯ ಒಳಗಿನ ಎರಡು ಕೋಣೆಯ ಮನೆಯಲ್ಲಿದ್ದರು. ಬೇಲಿಯ ಆಚೆ ಅವರಿಗೆ ಕ್ಷೌರ ಮಾಡುವವನೂ ಇರಲಿಲ್ಲ.

ಫಿಲಂ ಕರಗಿಸಿದ ಸಂಜೆ ಅವರು ಸುಗುಣಳಿಗೆ ಹೇಳಿದರು. ಅವಳು ಅಕ್ಕಿ ಆರಿಸುತ್ತಿದ್ದಳಂತೆ. ಮೊರ ಕೆಳಗಿಟ್ಟಳಂತೆ.

“ಹೇಳಿದ್ರೆ ಏನ್ ಮಾಡ್ತಾರೆ?”

“ಕಳಿಸ್ತಾರೆ.”

“ಎಲ್ಲಿಗೆ?”

ಸುಗುಣ ಮತ್ತೆ ಮೊರ ಎತ್ತಿಕೊಂಡಳು. ಅವಳು ಹೇಳಬೇಡ ಎನ್ನಲಿಲ್ಲ, ಹೇಳು ಎಂದೂ ಅನ್ನಲಿಲ್ಲ. ಮಾರನೆಯ ದಿನ ಅವರು ಡಾಕ್ಟರ ಬಾಗಿಲವರೆಗೆ ಹೋಗಿ ಬಂದರು. ಅದರ ಮಾರನೆಯ ದಿನವೂ ಹೋಗಿ, ಬೇರೇನನ್ನೋ ಕೇಳಿ ಬಂದರು.

ನಮಗೆ ಕಂಡದ್ದು ಇಷ್ಟು. ಅದುವರೆಗೆ ವಾರ್ಡಿನ ಕಡೆ ಹಾಯದಿದ್ದ ದೇವದಾನಂ ದಿನವೂ ಬರತೊಡಗಿದರು. ತಮ್ಮ ಕೋಳಿಯ ಮೊಟ್ಟೆ ತಂದು ಮುನಿರತ್ನಂನ ದಿಂಬಿನ ಪಕ್ಕ ಇಡುವರು. ಅವನ ಮುಖ ನೋಡುತ್ತಿರಲಿಲ್ಲ, ಹೊದಿಕೆ ಏರಿ ಇಳಿಯುವುದನ್ನು ನೋಡುತ್ತ ನಿಲ್ಲುತ್ತಿದ್ದರು.

“ಏನ್ ಬಾವ, ಎಲ್ಲಾ ಮೊಟ್ಟೆ ಅವನಿಗೇ?” ಎಂದು ಗಂಗಯ್ಯ ಕೆಣಕಿದ. “ನಮ್ಮ ಎದೇನೂ ನೀನೇ ತೆಗೆದಿದ್ದಲ್ವಾ? ನಮ್ದೇನು ಅಷ್ಟು ಚೆನ್ನಾಗಿ ಬಂದಿಲ್ವಾ?”

“ನಿಂಗೆ ಮೊಟ್ಟೆ ಕೊಟ್ರೆ ಬಾಯಿ ಇನ್ನೂ ಜಾಸ್ತಿ ಆಗ್ತದೆ” ಎಂದರು ದೇವದಾನಂ.

“ಅಣ್ಣ ನಂಗೆ ಹೆಣ್ಣು ಕೊಡೋ ಯೋಚನೇಲವ್ನೆ” ಎಂದ ಮುನಿರತ್ನಂ, ಮಾತಿನ ನಡುವೆ ಎರಡು ಸಲ ಉಸಿರು ತೆಗೆದುಕೊಂಡು, ನನ್ನ ಕಡೆ ಕಣ್ಣು ಹಾಯಿಸಿ. “ಚೆಂಗಮ್ಮ ಒಪ್ಪಿದ್ರೆ ನಂದೇನಿಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಡುಗೆ ಮನೆಯಿಂದ ಅವರಿಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟೆ, ಪುಣ್ಯಾತ್ಮ ಎಂದುಕೊಂಡು. ಅವರು ಲೋಟ ಹಿಡಿದು ನಿಂತೇ ಇದ್ದರು. ಆಮೇಲೆ ನೋಡಿದರೆ ಕಿಟಕಿಯ ಮೇಲೆ ತುಂಬಿದ ಲೋಟ ಹಾಗೆಯೇ ಇತ್ತು.

ಎರಡನೆಯ ಗಾಳಿಯ ದಿನ ಬಂತು. ಅವರು ಬಾಯಿ ಬಿಡಲಿಲ್ಲ. ಹಾಕಿದರು. ಅದಾದ ಮೇಲೆ ಮುನಿರತ್ನಂಗೆ ಜ್ವರ ಏರಿತು. ಗಾಳಿ ತುಂಬಿದ ಜಾಗಕ್ಕೆ ನೀರೂ ಕೂಡಿತು. ಅವನು ತಮಾಷೆ ಮಾಡುವುದನ್ನು ಬಿಟ್ಟ. ಲಾಳಿ ಎಸೆಯುತ್ತಿದ್ದ ಕೈಗೆ ಮೊಟ್ಟೆ ಸುಲಿಯಲೂ ಶಕ್ತಿ ಇರಲಿಲ್ಲ. ಡಾಕ್ಟರು ತೆರೆಯಲ್ಲಿ ನೋಡಿ ಯೋಚನೆಗೆ ಬಿದ್ದರು. “ಬಲಗಡೆಯೂ ಮಸುಕಾಗ್ತಿದೆ. ಎಡಕ್ಕೆ ಇನ್ನೊಂದು ಸಲ ಚೆನ್ನಾಗಿ ಹಾಕಿ ನೋಡೋಣ” ಎಂದರು. ಉಸಿರು ಬಿಗಿ ಹಿಡಿದು ನಿಲ್ಲಲು ಅವನಿಂದಾಗದೆ ಫಿಲಂ ತೆಗೆಯುವುದನ್ನು ಬಿಟ್ಟರು.

ಮೂರನೆಯ ಗಾಳಿಗೆಂದು ಬೆಳಿಗ್ಗೆ ಎಲ್ಲರೂ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಮುನಿರತ್ನಂ ನನಗೆ ಒರಗಿಕೊಂಡಿದ್ದ. ದೇವದಾನಂ ಕರಿಯ ಪರದೆ ಸರಿಸಿ ಬಂದರು, ಕೈಯಲ್ಲಿ ಆ ಹಳೆಯ ಫಿಲಂ. ನಮ್ಮ ಮುಂದೆ ಕುಕ್ಕರುಗಾಲಲ್ಲಿ ಕೂತರು.

“ಮುನಿರತ್ನಂ, ನಿನ್ನ ಎದೆ ಮೇಲೆ ಕೈ ಇಡು. ಗುಂಡಿಗೆ ಎಲ್ಲಿ ಬಡೀತೈತೆ ನೋಡು.”

ಅವನು ಇಟ್ಟ. ಬಲಕ್ಕೆ ಇಟ್ಟ.

“ಬಾವ, ನಿನ್ನ ಗಾಡಿ ರಾಂಗ್ ಸೈಡಲ್ಲಿ ಓಡ್ತಾ ಐತೆ” ಎಂದ ಗಂಗಯ್ಯ. ಯಾರೂ ನಗಲಿಲ್ಲ.

“ಗಾಳಿ ದೂಡಿದ್ದು ಅಂತ ಡಾಕ್ಟರು ಹೇಳಿದ್ರು” ಎಂದ ಮುನಿರತ್ನಂ.

“ಅದಕ್ಕೂ ಮುಂಚೆ? ಊರಲ್ಲಿ?”

ಅವನು ನನ್ನನ್ನು ನೋಡಿದ. ನಾನು ಹೇಳಿದೆ. “ಅಣ್ಣ, ಮೊದ್ಲಿಂದ್ಲೂ ಅಲ್ಲೇ. ನಾನು ತಲೆ ಇಡೋ ಕಡೆ ಅಲ್ಲೇ ಕೇಳಿಸ್ತದೆ. ಬೇರೆ ಯಾರ ಎದೆ ಮೇಲೆ ತಲೆ ಇಟ್ಟೋಳು ನಾನು? ಎಲ್ಲರಿಗೂ ಅಲ್ಲೇ ಇರ್ತದೆ ಅಂದ್ಕೊಂಡಿದ್ದೆ.”

ದೇವದಾನಂ ಫಿಲಂ ಅನ್ನು ಮಗುಚಿ ಹಿಡಿದರು. “ಇದು ಹೀಗೆ. ನಾನು ತಿರುವಿ ಬರೆದೆ. ನಿಂದು ಬಲಗಡೆ ರೋಗ. ಒಳ್ಳೇ ಕಡೆಗೆ ಗಾಳಿ ಹಾಕ್ಸಿದೀನಿ” ಎಂದರು. ಆಮೇಲೆ, ಯಾರೂ ಕೇಳದಿದ್ದರೂ, ಇನ್ನೂ ಹೇಳಿದರು. “ಮೊದಲ್ನೇದು ಗೊತ್ತಿಲ್ದೆ ಆಯ್ತು. ಎರಡ್ನೇದು ಹಾಕೋವಾಗ ನಂಗೆ ಗೊತ್ತಿತ್ತು.”

ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದು ಮುನಿರತ್ನಂನ ಅಂಗಿ ಎತ್ತಿ, ಬಲಗಡೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಂತರು. “ನಾನು ಒಂದೇ ಒಂದು ಸಲ ಇಲ್ಲಿ ಕೈ ಇಟ್ಟಿದ್ರೆ ಸಾಕಿತ್ತು” ಎಂದರು. ಆ ದಿನ ಯಾರಿಗೂ ಗಾಳಿ ಇಲ್ಲ ಎಂದರು. ವಾರ್ಡಿಗೆ ಹೋಗಿ ಒಬ್ಬೊಬ್ಬರ ಎದೆಯ ಮೇಲೂ ಕೈ ಇಟ್ಟು ನೋಡಿದರು. ಗಂಗಯ್ಯನ ಸರದಿ ಬಂದಾಗ ಅವನು, “ನಂದು ಎಡಕ್ಕೇ ಐತಾ ಸಾರ್? ನೋಡಿ, ಈಗ ಯಾರನ್ನೂ ನಂಬಂಗಿಲ್ಲ” ಎಂದ. ದೇವದಾನಂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

ಅಂದು ಮಧ್ಯಾಹ್ನವೇ ಅವರೂ ಸುಗುಣಳೂ ಟ್ರಂಕು ಹೊತ್ತು ಗೇಟಿನ ಹತ್ತಿರ ಬಂದರು. ಹೋಗಿ ಎಂದು ಯಾರೂ ಹೇಳಿರಲಿಲ್ಲ. ಸುಗುಣ ಕೋಳಿಗಳನ್ನೂ ಬುಟ್ಟಿಯಲ್ಲಿ ಮುಚ್ಚಿ ತಂದಿದ್ದಳು. ಡಾಕ್ಟರು ಬಂದು ಬೈದರು. “ನೀನು ಹೋದ್ರೆ ಬರೋ ಹೊಸಬನಿಗೆ ಈ ತಪ್ಪು ಗೊತ್ತಿರಲ್ಲ. ನಡಿ ಒಳಗೆ. ನಿನ್ನ ಕಳಿಸಿದ್ರೆ ನಾನೂ ಹೋಗಬೇಕು.” ದೇವದಾನಂ ಹಿಂತಿರುಗಿದರು. ಒಡೆದ ನೀರಿನ ಕೊಳವೆಯ ಸೀಸವನ್ನು ಕಾಯಿಸಿ, ಬಡಿದು, ಎಡಬಲದ ಅಕ್ಷರಗಳನ್ನು ತಾವೇ ಮಾಡಿಕೊಂಡರು. ಅಲ್ಲಿಂದ ಮುಂದೆ ಅಕ್ಷರವಿಲ್ಲದೆ ಒಂದು ಎದೆಯನ್ನೂ ತೆಗೆಯಲಿಲ್ಲ. ಅಕ್ಷರ ಇಟ್ಟ ಮೇಲೂ ಎದುರಿನವರಿಗೆ ಎದೆ ಮುಟ್ಟಿ ನೋಡಿಕೊಳ್ಳಲು ಹೇಳುತ್ತಿದ್ದರು. ಹೊಸಬರು ಇದೇನೋ ಪೂಜೆಯ ಕ್ರಮ ಎಂದು ತಿಳಿಯುತ್ತಿದ್ದರು.

ಮುನಿರತ್ನಂ ಸಾಯಲಿಲ್ಲ. ಎಡದ ಗಾಳಿ ಇಳಿಯಲು ಬಿಟ್ಟರು, ನೀರು ತೆಗೆದರು. ಅಷ್ಟರಲ್ಲಿ ಸೂಜಿಮದ್ದು ಗುಡ್ಡ ಹತ್ತಿತು. ಬಲದ ಗುಳಿ ನಿಧಾನವಾಗಿ ಮುಚ್ಚಿತು. ಆದರೆ ಎಡದ ಪುಪ್ಪುಸ ಪೂರ್ತಿ ಅರಳಲಿಲ್ಲ. ನೀರು ನಿಂತ ಜಾಗದಲ್ಲಿ ಅದರ ಹೊರಪೊರೆ ದಪ್ಪವಾಗಿ ಪಕ್ಕೆಲುಬಿಗೆ ಅಂಟಿಕೊಂಡಿತು. ಡಾಕ್ಟರು ಮುಚ್ಚಿಡದೆ ಹೇಳಿದರು. “ರೋಗ ಒಂದನ್ನ ತಿಂತು, ನಾವು ಇನ್ನೊಂದನ್ನ ಕೆಡಿಸಿದ್ವಿ. ಎರಡೂ ಅರ್ಧ ಅರ್ಧ. ಸೇರಿ ಒಂದು ಅಂದ್ಕೊ.” ಒಂದೇ ಸಲ ಹಾಕಿ ನಿಲ್ಲಿಸಿದ್ದರೆ ನೀರು ತುಂಬುತ್ತಿರಲಿಲ್ಲವೇ ಎಂದು ನಾನು ಕೇಳಿದೆ. ಅವರು ನೆಲ ನೋಡುತ್ತ, “ತುಂಬದೇ ಇರಬಹುದಿತ್ತು. ತುಂಬಲೂಬಹುದಿತ್ತು” ಎಂದರು.

ಆ ಒಂದು ಮಾತು ದೇವದಾನಂ ಕಿವಿಗೂ ಬಿದ್ದಿತ್ತು.

ನಾವು ನಾರಾಯಣವನಕ್ಕೆ ಹಿಂತಿರುಗಲಿಲ್ಲ. ಆಸ್ಪತ್ರೆಯ ಹಿಂದೆ ಗಾಯಕ್ಕೆ ಕಟ್ಟುವ ಪಟ್ಟಿ ಬಟ್ಟೆ ನೇಯಲು ಒಂದು ಮಗ್ಗ ಹಾಕಿದರು. ಮುನಿರತ್ನಂ ಅದರಲ್ಲಿ ಕೂತ. ಸ್ವಲ್ಪ ನೇಯುವನು, ಸ್ವಲ್ಪ ಕೂರುವನು. ಅವನಿಗೆ ದೇವದಾನಂ ಮೇಲೆ ಸಿಟ್ಟು ನಿಲ್ಲಲಿಲ್ಲ. “ನಂದೇ ತಲೆಕೆಳಗು ಸಾಮಾನು. ಅವನೇನ್ ಮಾಡ್ತಾನೆ?” ಎನ್ನುವನು. “ಎರಡ್ನೇದು?” ಎಂದರೆ, “ಅವನಿಗೆ ಗೇಟಿನಾಚೆ ಯಾರವ್ರೆ ಚೆಂಗಿ? ನಂಗೆ ನೀನಾದ್ರೂ ಇದ್ದೆ” ಎನ್ನುವನು. ನನಗೆ ಹಾಗೆ ಅನ್ನಲು ಆಗಲಿಲ್ಲ. ಸುಗುಣ ನನ್ನನ್ನು ಕಂಡರೆ ಬೇರೆ ದಾರಿಯಲ್ಲಿ ಹೋಗುತ್ತಿದ್ದಳು. ದೇವದಾನಂ ಎದುರಾದರೆ ನಾನು ಮಾತಾಡುತ್ತಿದ್ದೆ, ಅಣ್ಣ ಎನ್ನುತ್ತಿದ್ದೆ. ಆದರೆ ಅವರು ಕಾಯುತ್ತಿದ್ದ ಮಾತು ಅದಲ್ಲ ಎನ್ನುವುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಎಕ್ಸರೇ ಕೋಣೆಗೆ ಮಗ್ಗದ ಸದ್ದು ಕೇಳುತ್ತಿತ್ತು. ಲಾಳಿ ನಿಂತರೆ ಸಾಕು, ದೇವದಾನಂ ಕಂದು ಬೆರಳುಗಳನ್ನು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದುಬಿಡುವರು.

“ನೂಲು ಕಿತ್ತೋಗದೆ ಅಣ್ಣ, ಉಸಿರಲ್ಲ. ಹೋಗು, ಹೋಗು” ಎಂದು ಮುನಿರತ್ನಂ ಒಳಗಿನಿಂದಲೇ ಕೂಗುವನು. “ನೀನು ಹಿಂಗೆ ಬಂದು ನಿಂತ್ರೆ ನಂಗೆ ಉಚ್ಚೆಗೆ ಹೋಗೋಕೂ ಭಯ ಆಗ್ತದೆ.”

ಅವರು ನಗಲು ನೋಡುವರು. ಮತ್ತೆ ಸದ್ದು ಶುರುವಾಗುವವರೆಗೆ ಬೇವಿನ ಮರದ ಕೆಳಗೆ ನಿಂತು, ಶುರುವಾದ ಮೇಲೆ ಹೋಗುವರು.

ಹಾಗೆ ಎಷ್ಟೋ ವರ್ಷ ನಡೆಯಿತು. ಒಂದು ಮಾರ್ಗಶಿರದ ಚಳಿಯಲ್ಲಿ ಮುನಿರತ್ನಂಗೆ ಶೀತವಾಗಿ ಎದೆಗೆ ಇಳಿಯಿತು. ಎಲ್ಲರಿಗೂ ಬರುವಂಥ ಶೀತ. ಬೇರೆಯವರು ಶುಂಠಿ ಕಷಾಯ ಕುಡಿದು ಎದ್ದು ಓಡಾಡಿದರು. ಅವನಲ್ಲಿ ಉಸಿರಿಗೆ ಜಾಗವೇ ಇರಲಿಲ್ಲ. ಬೆನ್ನು ನೆಲಕ್ಕೆ ತಾಗಿದರೆ ಮುಳುಗಿದಂತಾಗುವುದು. ಮಂಡಿಯ ಮೇಲೆ ದಿಂಬಿಟ್ಟು, ಅದರ ಮೇಲೆ ಬಾಗಿ ಕೂತೇ ಇದ್ದ, ಹಗಲೂ ಇರುಳೂ. ನಾನು ಹಿಂದೆ ಕೂತು ಬೆನ್ನಿಗೆ ಎದೆ ಕೊಟ್ಟಿದ್ದೆ. ಹಾಗೆ ಕೂತಿದ್ದಾಗಲೇ ಹೋದ. ದೇವದಾನಂ ಆಗ ಊರಲ್ಲಿರಲಿಲ್ಲ. ಯಂತ್ರದ ರಿಪೇರಿಗೆಂದು ಮದರಾಸಿಗೆ ಹೋಗಿದ್ದವರು, ಮಣ್ಣು ಮಾಡಿದ ಮೇಲೆ ಬಂದರು. ಒಳಗೆ ಬರಲಿಲ್ಲ. ಬಾಗಿಲ ಹೊರಗೆ ಕೂತರು. ಏನನ್ನೋ ಕೇಳಲು ಬಾಯಿ ತೆರೆದರು, ಕೇಳಲಿಲ್ಲ. ಸುಗುಣ ಬಂದು ಕೈಹಿಡಿದು ಎಬ್ಬಿಸಿಕೊಂಡು ಹೋದಳು.

ಆಮೇಲೆ ಗುಳಿಗೆಗಳ ಕಾಲ ಬಂತು. ಗಾಳಿ ಹಾಕುವುದು ನಿಂತಿತು. ಗಂಗಯ್ಯ ಗುಣವಾಗಿ ಹೋಗಿ ಮತ್ತೆ ಬಸ್ ಓಡಿಸಿದನಂತೆ. ಶೇಷಾಚಲಂ ಡಾಕ್ಟರು ತೀರಿಕೊಂಡರು. ಸುಗುಣಳೂ ಹೋದಳು. ದೇವದಾನಂ ಕೆಲಸ ಬಿಟ್ಟ ಮೇಲೂ ಬೇಲಿಯ ಒಳಗೇ ಉಳಿದರು. ಮೈ ಬಿದ್ದ ಮೇಲೆ ವಾರ್ಡಿನ ಮೂಲೆಯ ಮಂಚವನ್ನೇ ಅವರಿಗೆ ಕೊಟ್ಟರು. ಅವರಿಗೆ ಮಕ್ಕಳಿಲ್ಲ. ನನಗೂ ಇಲ್ಲ. ಅಡುಗೆ ಮನೆಯಿಂದ ರಾಗಿ ಸಂಗಟಿಯನ್ನು ಮಜ್ಜಿಗೆಯಲ್ಲಿ ತೆಳ್ಳಗೆ ಕದಡಿ ನಾನೇ ಒಯ್ದು ಕುಡಿಸುತ್ತಿದ್ದೆ. ಅಷ್ಟು ಮಾಡುವಾಗಲೂ ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಮಾತು ಇನ್ನೇನು ಹೊರಡುವ ಹೊತ್ತಿಗೆ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಭಿಕ್ಷೆ ಕೇಳಿದಂತಾದೀತು ಎಂದೋ ಏನೋ.

ಒಂದು ಮಧ್ಯಾಹ್ನ ಹೋದಾಗ ಪಕ್ಕದ ಮಂಚದ ಕಡೆಗೆ ತಿರುಗಿ ನೋಡುತ್ತಿದ್ದರು. ಅಲ್ಲಿ ಹೊಸದಾಗಿ ಬಂದ ಒಬ್ಬ ಹೆಂಗಸು ಬಲಮಗ್ಗುಲಾಗಿ ಮಲಗಿದ್ದಳು.

“ಅವಳದ್ದು ಬಲ ಕೆಟ್ಟಿದೆ” ಎಂದರು.

“ಫಿಲಂ ನೋಡಿದ್ರಾ ಅಣ್ಣ?”

“ಫಿಲಂ ಯಾಕೆ? ಕೆಟ್ಟ ಕಡೇನ ಅಡಿಗೆ ಹಾಕಿ ಮಲಗ್ತಾರೆ, ಒಳ್ಳೇದು ಮೇಲಿದ್ದು ಉಸಿರಾಡ್ಲಿ ಅಂತ. ಯಾರೂ ಹೇಳ್ಕೊಡಬೇಕಿಲ್ಲ, ಮೈಗೇ ಗೊತ್ತಿರ್ತದೆ. ಮಲಗಿದ ಮಗ್ಗುಲು ನೋಡಿದ್ರೆ ಸಾಕು, ಯಾವುದು ಕೈ ಕೊಟ್ಟಿದ್ದು ಅಂತ ತಿಳೀತದೆ.”

ಲೋಟ ಬಾಯಿಗೆ ಹಿಡಿದೆ. ಒಂದು ಗುಟುಕು ಕುಡಿದು, ಸಾಕು ಎಂದು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು. ಕಂದು ಬಣ್ಣ ಹೋಗದ ಆ ಬೆರಳುಗಳು ನನ್ನ ಮಣಿಕಟ್ಟಿನ ಮೇಲೆಯೇ ನಿಂತವು.

“ತಂಗಿ” ಎಂದರು. “ಮುನಿರತ್ನಂ ಹೋಗೋ ದಿನ ಯಾವ ಮಗ್ಗುಲಾಗಿ ಮಲಗಿದ್ದ? ರೋಗ ತಿಂದ ಕಡೆಗಾ, ನನ್ನ ಕಡೆಗಾ?”